ಒಂದೇ ನಂಬರಿನ ಎರಡು ಚೀಟಿ

ಮಧ್ಯಾಹ್ನದ ಹೊತ್ತು. ಲೆಕ್ಕ ನೋಡುವ ಮೇಡಂ ಬಂದು ನನ್ನ ಮೇಜಿನ ಮೇಲೆ ಎರಡು ಚೀಟಿ ಇಟ್ಟರು. ಎರಡರ ಮೇಲೂ ನಂಬರ್ 1187. ಒಂದು ನೀರೆತ್ತದ ಪಂಪಿನದು. ಇನ್ನೊಂದು ಕಾಯಿಲ್ ಸುಟ್ಟ ಮೋಟಾರಿನದು. ಗಿರಾಕಿಗಳೂ ಬೇರೆ ಬೇರೆ.

"ಇದರಲ್ಲಿ ಅಸಲಿ 1187 ಯಾವುದು ಹೇಳಿ" ಎಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಚೀಟಿಗೆ ನಂಬರ್ ಕೊಡುವ ಡೇಟಾಬೇಸ್ ಕಟ್ಟಿದವನು ನಾನೇ. ಕಟ್ಟಿ ಎರಡು ತಿಂಗಳೂ ತುಂಬಿರಲಿಲ್ಲ.

ನಮ್ಮದು ಏಳು ಜನರ ಆಫೀಸು. ಪಂಪು, ಮೋಟಾರು ರಿಪೇರಿ ಕೆಲಸ. ಬಂದ ಪ್ರತಿ ದೂರಿಗೂ ಒಂದು ನಂಬರ್ ಬೀಳಬೇಕು. ಬಿಲ್ ಆಗುವುದು, ಬಿಡಿಭಾಗ ತರಿಸುವುದು, ಸಾಮಾನು ವಾಪಸ್ ಕೊಡುವುದು ಎಲ್ಲ ಅದೇ ನಂಬರಿನ ಮೇಲೆ. ನಾನೇನೂ ಕಂಪ್ಯೂಟರ್ ಓದಿದವನಲ್ಲ. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೆ ತೆಗೆಯುವವನು ನಾನು. ಅಷ್ಟೇ ಅರ್ಹತೆ. ಆ ಅರ್ಹತೆಯ ಮೇಲೆ ಈ ಕೆಲಸ ನನ್ನ ಹೆಗಲಿಗೆ ಬಿತ್ತು.

ಮೊದಲು ಎಲ್ಲವೂ ಒಂದು ಎಕ್ಸೆಲ್ ಫೈಲಿನಲ್ಲಿತ್ತು. ಒಬ್ಬರು ತೆರೆದರೆ ಉಳಿದವರಿಗೆ ಓದಲು ಮಾತ್ರ. ಕೌಂಟರಿನ ಹುಡುಗ ಫೈಲ್ ತೆರೆದಿಟ್ಟು ಎದ್ದು ಹೋದರೆ ಮುಗಿಯಿತು, ಆಫೀಸೇ ಅವನನ್ನು ಹುಡುಕಬೇಕು. ಕಾದು ಸಾಕಾದವರು ತಮ್ಮ ಕಂಪ್ಯೂಟರಿನಲ್ಲಿ ಒಂದು ಕಾಪಿ ಇಟ್ಟುಕೊಂಡರು. ಆಮೇಲೆ 'ಫೈನಲ್', 'ಫೈನಲ್ 2', 'ಹೊಸ ಫೈನಲ್'. ಮುಂದಿನದ್ದು ನಿಮಗೇ ಗೊತ್ತು.

ಹಾಗಾಗಿ ಡೇಟಾಬೇಸ್ ಕಟ್ಟುವ ಮೈಕ್ರೋಸಾಫ್ಟ್ ಆಕ್ಸೆಸ್‌ಗೆ ಕೈ ಹಾಕಿದೆ. ಆಫೀಸ್ ಪ್ಯಾಕಿನ ಜೊತೆ ಅದು ಆಗಲೇ ನಮ್ಮಲ್ಲಿತ್ತು. ಓದಿ ನೋಡಿದರೆ ಫೈಲಿನ ಗರಿಷ್ಠ ಅಳತೆ 2 ಜಿಬಿ, ಒಟ್ಟಿಗೆ 255 ಜನ ಬಳಸಬಹುದು ಎಂದಿತ್ತು. ನಾವು ಏಳು ಜನ, ನಮ್ಮ ಮಾಹಿತಿ 60 ಎಂಬಿಯೂ ಇಲ್ಲ. ಇನ್ನೇನು ಬೇಕು? ಆ 255 ಎಂಬ ಅಂಕೆ ನೋಡಿ ಎಷ್ಟು ಧೈರ್ಯ ಬಂತೆಂದರೆ ಮುಂದಿನ ಸಾಲುಗಳನ್ನು ಓದಲೇ ಇಲ್ಲ.

ಟೇಬಲ್ ಮಾಡುವುದು ಕಷ್ಟವೆನಿಸಲಿಲ್ಲ. ಗಿರಾಕಿ ಒಂದು ಟೇಬಲ್, ದೂರು ಒಂದು, ಬಿಡಿಭಾಗ ಒಂದು. ಅದಕ್ಕೆ ಒಪ್ಪುವ ಫಾರ್ಮುಗಳು. ಎರಡು ಭಾನುವಾರದಲ್ಲಿ ಮುಗಿಯಿತು. ಫೈಲನ್ನು ಮೇಡಂ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿಟ್ಟು ನೆಟ್‌ವರ್ಕಿಗೆ ಶೇರ್ ಮಾಡಿದೆ. ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಕರೆದು ತೋರಿಸಿದೆ. ಕೌಂಟರಿನ ಹುಡುಗ ತೆರೆದ. ತೆರೆಯಿತು. ಏನೋ ಟೈಪ್ ಮಾಡಲು ಹೋದ. ಆಗಲಿಲ್ಲ. ಓದಲು ಮಾತ್ರ.

ಮತ್ತೆ ಎಕ್ಸೆಲ್ ಕಾಲಕ್ಕೇ ಬಂದೆವು ಅನ್ನಿಸಿತು.

ಇದಕ್ಕೆ ಅರ್ಧ ದಿನ ತಲೆ ಕೆರೆದುಕೊಂಡೆ. ವಿಂಡೋಸ್‌ನಲ್ಲಿ ಶೇರ್ ಮಾಡಿದ ಫೋಲ್ಡರಿಗೆ ಎರಡು ಬಾಗಿಲು. ಒಂದು ಶೇರ್ ಪರ್ಮಿಷನ್. ಇನ್ನೊಂದು ಡಿಸ್ಕಿನ ಮೇಲಿನ ಫೋಲ್ಡರ್ ಪರ್ಮಿಷನ್. ನೆಟ್‌ವರ್ಕಿನಿಂದ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದರದ್ದೇ ಮಾತು ನಡೆಯುತ್ತದೆ. ನಾನು ಒಂದು ಬಾಗಿಲನ್ನು ಮಾತ್ರ ತೆಗೆದಿದ್ದೆ. ಸರಿ, ಎರಡನ್ನೂ ತೆಗೆದೆ. ಆದರೆ ಫೈಲಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟೆ, ಫೋಲ್ಡರಿಗೆ ಕೊಡಲಿಲ್ಲ. ಫೋಲ್ಡರಿನಲ್ಲಿ ಬೇರೆ ಕಾಗದಗಳೂ ಇದ್ದವು ನೋಡಿ, ಸುಮ್ನೆ ಯಾಕೆ ಎಲ್ಲರಿಗೂ ಅಂತ. ಆಗಲೂ ಓದಲು ಮಾತ್ರ!

ಕೊನೆಗೆ ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ಫೈಲು. ಆಕ್ಸೆಸ್ ತೆರೆದ ಕೂಡಲೇ ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿ, ಹಿಂದೆ ಎಲ್‌ಎಸಿಸಿಡಿಬಿ ಎಂಬ ಬಾಲ ಹೊತ್ತು ಹುಟ್ಟುತ್ತದೆ. ಕೊನೆಯವರು ಮುಚ್ಚಿದಾಗ ಮಾಯವಾಗುತ್ತದೆ. ಅದು ಲಾಕ್ ಫೈಲು. ಯಾರು ಯಾರು ಒಳಗಿದ್ದಾರೆ, ಯಾರು ಯಾವ ಸಾಲನ್ನು ಹಿಡಿದಿದ್ದಾರೆ ಎಂಬುದರ ಲೆಕ್ಕ ಅದರಲ್ಲಿ. ಅದು ಹುಟ್ಟಬೇಕಾದರೆ ತೆರೆಯುವವರಿಗೆ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡುವ ಹಕ್ಕು ಬೇಕು, ಬರೆಯುವ ಹಕ್ಕು ಬೇಕು, ಅಳಿಸುವ ಹಕ್ಕೂ ಬೇಕು. ಇಲ್ಲದಿದ್ದರೆ ಡೇಟಾಬೇಸ್ ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ಒಬ್ಬರ ಪಾಲಾಗುತ್ತದೆ. ಬೇರೆ ಫೋಲ್ಡರ್ ಮಾಡಿದೆ. ಎಲ್ಲರಿಗೂ ಎಲ್ಲ ಹಕ್ಕೂ ಕೊಟ್ಟೆ. ಕೆಲಸ ಶುರುವಾಯಿತು. ಅಳಿಸುವ ಹಕ್ಕನ್ನೂ ಎಲ್ಲರಿಗೂ ಕೊಟ್ಟಿದ್ದೇನೆ ಅನ್ನುವುದು ಆ ಹೊತ್ತಿನ ಖುಷಿಯಲ್ಲಿ ಮರೆತೇ ಹೋಯಿತು.

ಇನ್ನು ನಂಬರಿನ ವಿಷಯ. ಮೊದಲು ನಾನು ಆಟೋನಂಬರ್ ಇಟ್ಟಿದ್ದೆ. ಆಕ್ಸೆಸ್ ತಾನಾಗಿಯೇ ಒಂದೊಂದೇ ಏರಿಸಿ ನಂಬರ್ ಕೊಡುತ್ತದೆ. ಆದರೆ ಹೊಸ ದೂರು ಟೈಪ್ ಮಾಡಲು ಶುರು ಮಾಡಿ ನಡುವೆ ಎಸ್ಕೇಪ್ ಒತ್ತಿದರೆ ಆ ನಂಬರ್ ಹೋದ ಹಾಗೆಯೇ. ಮತ್ತೆ ಬರುವುದಿಲ್ಲ. ಮೊದಲ ವಾರದಲ್ಲೇ ಮೇಡಂ ಕೇಳಿದರು: "43 ಇದೆ, 45 ಇದೆ. 44 ಎಲ್ಲಿ? ಚೀಟಿ ಹರಿದು ಹಾಕಿದ್ದೀರಾ?" ಲೆಕ್ಕದವರಿಗೆ ನಡುವೆ ಬಿಟ್ಟುಹೋದ ನಂಬರ್ ಅಂದರೆ ಕಳವಾದ ನಂಬರ್ ಇದ್ದ ಹಾಗೆ. ಅವರದ್ದೂ ತಪ್ಪಲ್ಲ ಅಲ್ವಾ? ಸರಿ ಅಂತ ಆಟೋನಂಬರ್ ತೆಗೆದೆ. ಟೇಬಲ್ಲಿನಲ್ಲಿರುವ ದೊಡ್ಡ ನಂಬರ್ ಹುಡುಕಿ, ಅದಕ್ಕೆ ಒಂದು ಕೂಡಿಸಿ, ಹೊಸ ದೂರಿಗೆ ಕೊಡು ಎಂದು ಬರೆದೆ. ಅಂತರವೇ ಇಲ್ಲ. ಮೇಡಂಗೂ ಸಮಾಧಾನ.

ಈಗ ಆ ಮಧ್ಯಾಹ್ನ ಏನಾಯಿತು ನೋಡಿ. ಕೌಂಟರಿನ ಹುಡುಗ ಹೊಸ ಫಾರ್ಮ್ ತೆರೆದ. ಫಾರ್ಮ್ ಕೇಳಿತು: ದೊಡ್ಡ ನಂಬರ್ ಯಾವುದು? 1186. ಹಾಗಾದರೆ ನಿನಗೆ 1187. ಅವನು ಇನ್ನೂ ಗಿರಾಕಿಯ ಹೆಸರು ಕೇಳುತ್ತಿದ್ದ. ಅಷ್ಟರಲ್ಲಿ ಫೋನಿನಲ್ಲಿ ದೂರು ಬರೆದುಕೊಳ್ಳುವ ಅಕ್ಕ ತಮ್ಮ ಕಂಪ್ಯೂಟರಿನಲ್ಲಿ ಫಾರ್ಮ್ ತೆರೆದರು. ದೊಡ್ಡ ನಂಬರ್ ಯಾವುದು? ಹುಡುಗ ಸೇವ್ ಮಾಡಿಲ್ಲವಲ್ಲ, ಹಾಗಾಗಿ ಇನ್ನೂ 1186. ಅವರಿಗೂ 1187. ಇಬ್ಬರೂ ಸೇವ್ ಮಾಡಿದರು. ಎರಡೂ ಸೇವ್ ಆದವು. ಯಾಕೆಂದರೆ ಆ ಕಾಲಮಿನಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು ಎಂಬ ಕಟ್ಟನ್ನು, ಅಂದರೆ ಯೂನಿಕ್ ಇಂಡೆಕ್ಸನ್ನು, ನಾನು ಹಾಕಿರಲಿಲ್ಲ. ಲೆಕ್ಕ ತಪ್ಪುವುದಕ್ಕೆ ಸಾಧ್ಯವೇ ಇಲ್ಲ ಅನ್ನುವ ಭಂಡ ಧೈರ್ಯ.

ನಾನು ಒಬ್ಬನೇ ಕೂತು ನೂರು ಸಲ ಪರೀಕ್ಷೆ ಮಾಡಿದ್ದೆ. ಒಬ್ಬನೇ ಕೂತರೆ ಇದು ಎಂದೂ ಸಿಗುವ ತಪ್ಪಲ್ಲ.

ಇಂಡೆಕ್ಸ್ ಹಾಕಿದೆ. ನಂಬರ್ ಕೊಡುವ ಕೆಲಸವನ್ನು ಫಾರ್ಮ್ ತೆರೆಯುವ ಹೊತ್ತಿನಿಂದ ಸೇವ್ ಮಾಡುವ ಕೊನೆಯ ಗಳಿಗೆಗೆ ತಳ್ಳಿದೆ. ಡಿಕ್ಕಿ ಹೊಡೆದರೆ ಮುಂದಿನ ನಂಬರಿಗೆ ಪ್ರಯತ್ನಿಸು ಎಂದು ಸೇರಿಸಿದೆ. ಆ ಮೋಟಾರಿನ ಚೀಟಿಗೆ ಮೇಡಂ ಪೆನ್ನಿನಲ್ಲಿ '1187 ಎ' ಎಂದು ಬರೆದರು. ಇವತ್ತಿಗೂ ಹಾಗೇ ಇದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೇಡಂಗೆ ಹೊಸ ಲ್ಯಾಪ್‌ಟಾಪ್ ಬಂತು. ಫೈಲ್ ಹಳೆಯ ಡೆಸ್ಕ್‌ಟಾಪಿನಲ್ಲೇ ಉಳಿಯಿತು. ಅವರು ವೈಫೈನಲ್ಲಿ ಸೇರಿಕೊಂಡರು. ಒಂದು ದಿನ ಫಾರ್ಮ್ ತೆರೆದಿರುವಾಗಲೇ ಲ್ಯಾಪ್‌ಟಾಪ್ ಮಡಚಿ ಯಜಮಾನರ ಕೋಣೆಗೆ ಹೋದರು. ಐದು ನಿಮಿಷಕ್ಕೆ ಎಲ್ಲರ ಪರದೆಯ ಮೇಲೂ ಒಂದೇ ಮಾತು: ಈ ಡೇಟಾಬೇಸಿನ ರೂಪವೇ ಗುರುತು ಸಿಗುತ್ತಿಲ್ಲ. ನನ್ನ ಎದೆ ಧಸಕ್ ಎಂದಿತು.

ಆಗ ಓದಿದೆ, ಮೊದಲೇ ಓದಬೇಕಾಗಿದ್ದ ಆ ಸಾಲುಗಳನ್ನು. ಶೇರ್ ಮಾಡಿದ ಆಕ್ಸೆಸ್ ಫೈಲಿಗೆ ಯಜಮಾನ ಅಂತ ಯಾರೂ ಇಲ್ಲ. ಫೈಲ್ ಇರುವ ಕಂಪ್ಯೂಟರ್ ಬರೀ ಕಪಾಟು. ಓದುವುದು, ಬರೆಯುವುದು, ಲಾಕ್ ಹಾಕುವುದು ಎಲ್ಲ ಅವರವರ ಕಂಪ್ಯೂಟರಿನಲ್ಲಿರುವ ಆಕ್ಸೆಸ್‌ನದ್ದೇ ಕೆಲಸ. ಫೈಲನ್ನು 4 ಕೆಬಿಯ ಪುಟಗಳಾಗಿ ತಂತಿಯ ಮೇಲೆ ಎಳೆದುಕೊಳ್ಳುತ್ತದೆ, ತಿದ್ದಿ ವಾಪಸ್ ಬರೆಯುತ್ತದೆ. ಏಳು ಜನ ಒಂದೇ ಕಪಾಟಿಗೆ ಕೈ ಹಾಕಿ, ತಮ್ಮ ತಮ್ಮಲ್ಲೇ ಸನ್ನೆ ಮಾಡಿಕೊಂಡು ಕೆಲಸ ಮಾಡಿದ ಹಾಗೆ. ಒಬ್ಬರ ವೈಫೈ ಬರೆಯುವ ನಡುವೆ ಕಡಿದುಹೋದರೆ ಪುಟ ಅರ್ಧಂಬರ್ಧ. ಎಲ್ಲರ ಫೈಲೂ ಹಾಳು. ವೈಫೈನಲ್ಲಿ ಇದನ್ನು ಬಳಸಬೇಡಿ ಎಂದು ಬಲ್ಲವರು ಬಡಿದುಕೊಳ್ಳುವುದು ಇದಕ್ಕೇ.

ಹಿಂದಿನ ರಾತ್ರಿಯ ಕಾಪಿ ಇತ್ತು. ರಿಪೇರಿ ಆಜ್ಞೆಯಿಂದಲೂ ಒಂದಷ್ಟು ಬಂತು. ಬಾರದ ಒಂಬತ್ತು ದೂರುಗಳನ್ನು ಚೀಟಿ ನೋಡಿ ಮತ್ತೆ ಬರೆದೆವು. ಕಾಗದದ ಚೀಟಿ ನಿಲ್ಲಿಸೋಣ ಎಂದು ವಾದ ಮಾಡಿದವನು ನಾನೇ. ಆಮೇಲೆ ಆ ಮಾತೆತ್ತಲಿಲ್ಲ.

ಅದಾದ ಮೇಲೆ ಫೈಲನ್ನು ಎರಡು ಮಾಡಿದೆ. ಟೇಬಲ್‌ಗಳು ಮಾತ್ರ ಇರುವ ಹಿಂಭಾಗ ಶೇರ್ ಫೋಲ್ಡರಿನಲ್ಲಿ. ಫಾರ್ಮು, ಕ್ವೆರಿ, ರಿಪೋರ್ಟು ಇರುವ ಮುಂಭಾಗದ ಒಂದೊಂದು ಕಾಪಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ನೀವು ಆಕ್ಸೆಸ್ ಹಂಚಿಕೊಳ್ಳುತ್ತಿದ್ದು ಇನ್ನೂ ಒಂದೇ ಫೈಲ್ ಇದ್ದರೆ ಇವತ್ತೇ ಒಡೆಯಿರಿ. ಹಾಗೆಯೇ ಲಿಂಕ್ ಮಾಡುವಾಗ ಝಡ್ ಡ್ರೈವ್, ವೈ ಡ್ರೈವ್ ಎಂದು ಅಕ್ಷರ ಹಿಡಿದು ಹೋಗಬೇಡಿ. ಒಬ್ಬರ ಝಡ್ ಇನ್ನೊಬ್ಬರ ವೈ ಆಗಿರುತ್ತದೆ. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಕಂಪ್ಯೂಟರ್ ಹೆಸರು, ಶೇರ್ ಹೆಸರು ಬರೆಯುವ ಪೂರ್ತಿ ದಾರಿಯನ್ನೇ ಕೊಡಿ.

ಲ್ಯಾಪ್‌ಟಾಪಿಗೂ ಕೇಬಲ್ ಎಳೆದೆ. ನಾಲ್ಕು ತಿಂಗಳು ನೆಮ್ಮದಿ.

ಐದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಹಿಂಭಾಗದ ಫೈಲೇ ಇಲ್ಲ. ಅಳಿದಿಲ್ಲ, ಕೆಟ್ಟಿಲ್ಲ, ಇಲ್ಲ ಅಷ್ಟೇ. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಪಕ್ಕದ 'ಹಳೆಯ ಫೋಟೋ' ಫೋಲ್ಡರಿನೊಳಗೆ ಸಿಕ್ಕಿತು. ಬೇಗ ಬಂದ ಯಾರೋ ಮೌಸ್ ಎಳೆಯುವಾಗ ಕೈ ಜಾರಿದೆ. ಯಾರೂ ಇನ್ನೂ ತೆರೆದಿರಲಿಲ್ಲವಾದ್ದರಿಂದ ವಿಂಡೋಸ್ ಕೂಡ ತಡೆಯಲಿಲ್ಲ. ಯಾರು ಅಂತ ನಾನು ಕೇಳಲಿಲ್ಲ. ಎಲ್ಲರಿಗೂ ಅಳಿಸುವ ಹಕ್ಕು, ಸರಿಸುವ ಹಕ್ಕು ಕೊಟ್ಟವನು ನಾನು. ಕೊಡದಿದ್ದರೆ ಲಾಕ್ ಫೈಲ್ ಹುಟ್ಟುವುದಿಲ್ಲ. ಕೊಟ್ಟರೆ ಹೀಗೆ.

ಕಪಾಟಿನ ಮುಂದೆ ಒಬ್ಬ ಆಳು ಬೇಕು ಎಂದು ಅವತ್ತು ಮನಸ್ಸಿಗೆ ಬಂತು. ಕಪಾಟನ್ನು ಅವನೊಬ್ಬನೇ ಮುಟ್ಟಬೇಕು. ನಾವೆಲ್ಲ ಅವನನ್ನು ಕೇಳಬೇಕು. ಡೇಟಾಬೇಸ್ ಸರ್ವರ್ ಅಂದರೆ ಅಷ್ಟೇ ಅಲ್ವಾ!

ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ ಡೆಬಿಯನ್ ಲಿನಕ್ಸ್ ಇಳಿಸಿದೆ. ಅದರ ಮೇಲೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರ್. ಇಳಿಸುವುದು ಹತ್ತು ನಿಮಿಷದ ಕೆಲಸ. ಬೇರೆ ಕಂಪ್ಯೂಟರಿನಿಂದ ಅದನ್ನು ಮಾತಾಡಿಸುವುದಕ್ಕೆ ಒಂದು ಇಡೀ ಶನಿವಾರ ಹೋಯಿತು. ಮೊದಲು ಬಂದ ಉತ್ತರ 'ಕನೆಕ್ಷನ್ ರೆಫ್ಯೂಸ್ಡ್'. ಹಾಗೆಂದರೆ ಬಾಗಿಲ ಬಳಿ ಯಾರೂ ಕೂತಿಲ್ಲ ಅಂತ. ಪೋಸ್ಟ್‌ಗ್ರೆಸ್ ಮೊದಲಿಗೆ ತಾನಿರುವ ಯಂತ್ರದೊಳಗಿನ ಕರೆಯನ್ನು ಮಾತ್ರ ಕೇಳುತ್ತದೆ. ಸೆಟ್ಟಿಂಗ್ ಫೈಲಿನಲ್ಲಿ 'ಲಿಸನ್ ಅಡ್ರೆಸಸ್' ಎಂಬ ಸಾಲಿದೆ. ಅದನ್ನು ತಿದ್ದಿ ರೀಲೋಡ್ ಕೊಟ್ಟೆ. ಅದೇ ಉತ್ತರ. ಮತ್ತೆ ತಿದ್ದಿದೆ, ಮತ್ತೆ ರೀಲೋಡ್. ಒಂದು ಗಂಟೆ ಹೀಗೇ ಕಳೆಯಿತು. ಆ ಒಂದು ಸಾಲಿಗೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು.

ರೀಸ್ಟಾರ್ಟ್ ಮಾಡಿದ ಮೇಲೆ ಬೇರೆ ತಕರಾರು ಬಂತು. ನಿಮ್ಮ ವಿಳಾಸಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ ಎಂಬ ಅರ್ಥದ ಸಂದೇಶ. ಅದನ್ನು ನೋಡಿ ನನಗೆ ಖುಷಿಯಾಯಿತು. ಬಾಗಿಲಲ್ಲಿ ಆಳು ಕೂತಿದ್ದಾನೆ, ನನ್ನನ್ನು ಒಳಗೆ ಬಿಡುತ್ತಿಲ್ಲ ಅಷ್ಟೇ! ಅವನ ಕೈಯಲ್ಲಿರುವ ಪಟ್ಟಿ ಇನ್ನೊಂದು ಫೈಲು, ಪಿಜಿ ಎಚ್‌ಬಿಎ. ಅದರಲ್ಲಿ 192.168.1.0/24 ಎಂದು ನಮ್ಮ ಆಫೀಸಿನ ವಿಳಾಸಗಳ ಗುಂಪು ಬರೆದೆ. ಪಾಸ್‌ವರ್ಡ್ ಬೇಕೇ ಬೇಕು ಎಂದೂ ಬರೆದೆ. ಈ ಪಟ್ಟಿಗೆ ರೀಲೋಡ್ ಸಾಕು. ಅಲ್ಲಿ 'ಟ್ರಸ್ಟ್' ಎಂದು ಬರೆದರೆ ಪಾಸ್‌ವರ್ಡೇ ಕೇಳುವುದಿಲ್ಲ, ಎಲ್ಲ ಕೂಡಲೇ ಕೆಲಸ ಮಾಡುತ್ತದೆ. ಸುಸ್ತಾದ ಶನಿವಾರ ಸಂಜೆ ಹಾಗೆ ಬರೆದುಬಿಡೋಣ ಅನ್ನಿಸುತ್ತದೆ. ಬರೆಯಬೇಡಿ. ಆಮೇಲೆ ತೆಗೆಯೋಣ ಅಂದುಕೊಂಡದ್ದು ಅಲ್ಲೇ ಉಳಿಯುತ್ತದೆ.

ರೂಟರಿನಲ್ಲಿ ಆ ಯಂತ್ರಕ್ಕೆ ಒಂದು ಐಪಿ ವಿಳಾಸ ಕಾದಿರಿಸಿದೆ. ಮೊದಲ ದಿನ ಮರೆತಿದ್ದೆ. ಕರೆಂಟ್ ಹೋಗಿ ಬಂದಾಗ ಸರ್ವರ್ ಬೇರೆ ವಿಳಾಸ ಹಿಡಿದು ಎದ್ದಿತು. ಆರು ಕಂಪ್ಯೂಟರುಗಳು ಹಳೆಯ ವಿಳಾಸಕ್ಕೇ ಕರೆಯುತ್ತಾ ಕೂತಿದ್ದವು.

ಫಾರ್ಮುಗಳನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಜನಕ್ಕೆ ಅಭ್ಯಾಸವಾಗಿತ್ತು. ಹಾಗಾಗಿ ಆಕ್ಸೆಸ್ ಮುಂಭಾಗ ಹಾಗೇ ಉಳಿಸಿ, ಅದರಡಿಯ ಟೇಬಲ್‌ಗಳನ್ನು ಮಾತ್ರ ಪೋಸ್ಟ್‌ಗ್ರೆಸ್‌ಗೆ ಸಾಗಿಸಿದೆ. ನಡುವಿನ ಸೇತುವೆ ಒಡಿಬಿಸಿ ಡ್ರೈವರ್. ನಾಲ್ಕು ಕಂಪ್ಯೂಟರಿನಲ್ಲಿ ಸಲೀಸಾಗಿ ಆಯಿತು. ಎರಡರಲ್ಲಿ ಡ್ರೈವರ್ ಇದ್ದರೂ ಅದು ಇಲ್ಲವೆಂದೇ ಆಕ್ಸೆಸ್ ಹೇಳುತ್ತಿತ್ತು. ಆ ಎರಡರಲ್ಲಿ ಆಫೀಸ್ 32 ಬಿಟ್‌ನದು, ನಾನು ಹಾಕಿದ ಡ್ರೈವರ್ 64 ಬಿಟ್‌ನದು. ವಿಂಡೋಸ್ ಎಷ್ಟು ಬಿಟ್ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಆಫೀಸ್ ಎಷ್ಟು ಬಿಟ್ ಅನ್ನುವುದೇ ಲೆಕ್ಕ. ಇದರಲ್ಲಿ ಒಂದು ತಮಾಷೆಯೂ ಇದೆ. 64 ಬಿಟ್ ವಿಂಡೋಸ್‌ನಲ್ಲಿ ಒಡಿಬಿಸಿ ಸೆಟ್ಟಿಂಗ್ ಕಿಟಕಿ ಎರಡಿವೆ. 64 ಬಿಟ್‌ನದು 'ಸಿಸ್ಟಂ32' ಫೋಲ್ಡರಿನಲ್ಲಿ. 32 ಬಿಟ್‌ನದು 'ಸಿಸ್‌ವಾವ್64' ಫೋಲ್ಡರಿನಲ್ಲಿ. ಹೌದು, ಸರಿಯಾಗಿಯೇ ಓದಿದಿರಿ.

ಉಳಿದ ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಮ್, ಇಲ್ಲದ ಟೇಬಲ್ ಲಿಂಕ್ ಮಾಡಿದರೆ ಆಕ್ಸೆಸ್‌ನಲ್ಲಿ ತಿದ್ದಲಾಗುವುದಿಲ್ಲ. ಹೌದು-ಇಲ್ಲ ಕಾಲಮಿನಲ್ಲಿ ಆಕ್ಸೆಸ್‌ಗೆ ಹೌದು ಅಂದರೆ ಮೈನಸ್ ಒಂದು. ಪೋಸ್ಟ್‌ಗ್ರೆಸ್‌ನ ಹೌದು-ಇಲ್ಲ ಬಗೆಯಾದ ಬೂಲಿಯನ್ ಜೊತೆ ಅದು ಜಗಳ ಮಾಡುತ್ತದೆ. ನಾನು ಅವನ್ನು ಸಾದಾ ಅಂಕಿ ಕಾಲಮ್ ಮಾಡಿ ತಣ್ಣಗಾದೆ.

ಬ್ಯಾಕಪ್ ವಿಷಯದಲ್ಲಿ ಮಾತ್ರ ಬೆವರಿಳಿಯಿತು. ರಾತ್ರಿ ಹತ್ತಕ್ಕೆ ಡೇಟಾಬೇಸಿನ ಕಾಪಿ ತೆಗೆಯುವ ಪಿಜಿ ಡಂಪ್ ಓಡಿಸಿ, ದಿನಾಂಕದ ಹೆಸರಿನ ಫೈಲಿಗೆ ಬರೆ ಎಂದು ಕ್ರಾನ್‌ಗೆ, ಅಂದರೆ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ವ್ಯವಸ್ಥೆಗೆ, ಹೇಳಿದ್ದೆ. ಕೈಯಾರೆ ಓಡಿಸಿ ನೋಡಿದ್ದೆ, ಸರಿ ಬಂದಿತ್ತು. ಪ್ರತಿ ಬೆಳಿಗ್ಗೆ ಹೊಸ ಫೈಲ್ ಬಂದಿದೆಯಾ ಎಂದು ನೋಡುತ್ತಿದ್ದೆ. ಇರುತ್ತಿತ್ತು. ಮೂರು ವಾರ ಆದ ಮೇಲೆ ಒಂದನ್ನು ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ ನೋಡೋಣ ಎಂದು ಹೊರಟೆ. ಆಗ ಅಳತೆಯ ಕಾಲಮ್ ಕಣ್ಣಿಗೆ ಬಿತ್ತು. ಸೊನ್ನೆ. ಇಪ್ಪತ್ತೊಂದು ಫೈಲು, ಇಪ್ಪತ್ತೊಂದೂ ಸೊನ್ನೆ ಬೈಟ್.

ಕಾರಣ ಇಷ್ಟೇ. ಪಾಸ್‌ವರ್ಡ್ ಬರೆದಿಟ್ಟ ಫೈಲ್ ಇದ್ದದ್ದು ನನ್ನ ಹೋಂ ಫೋಲ್ಡರಿನಲ್ಲಿ. ಕ್ರಾನ್ ಪಿಜಿ ಡಂಪ್ ಓಡಿಸುತ್ತಿದ್ದದ್ದು ರೂಟ್ ಎಂಬ ಲಿನಕ್ಸಿನ ಮುಖ್ಯ ಬಳಕೆದಾರನ ಹೆಸರಿನಲ್ಲಿ. ರೂಟ್‌ನ ಮನೆಯಲ್ಲಿ ಆ ಫೈಲ್ ಇಲ್ಲ. ಪಿಜಿ ಡಂಪ್ ಒಳಗೆ ಹೋಗಲಾಗದೆ ಸುಮ್ಮನಾಗುತ್ತಿತ್ತು. ಆದರೆ ಬರೆಯಬೇಕಾದ ಫೈಲನ್ನು ಆಜ್ಞೆ ಓಡಿಸುವ ಶೆಲ್ ಅಷ್ಟರಲ್ಲೇ ಖಾಲಿಯಾಗಿ ತೆರೆದಿಟ್ಟಿರುತ್ತಿತ್ತು. ಈಗ ಫೈಲ್ ತೀರಾ ಚಿಕ್ಕದಾದರೆ ನನಗೆ ಮೇಲ್ ಬರುತ್ತದೆ. ತಿಂಗಳಿಗೊಮ್ಮೆ ಒಂದನ್ನು ನಿಜವಾಗಿಯೂ ಬಿಚ್ಚಿ, ಕೊನೆಯ ದೂರು ನಂಬರ್ ಸರಿಯಿದೆಯಾ ನೋಡುತ್ತೇನೆ.

ಮತ್ತೆ ನಂಬರ್! ಪೋಸ್ಟ್‌ಗ್ರೆಸ್‌ನಲ್ಲಿ ನಂಬರ್ ಕೊಡುವುದಕ್ಕೆ ಸೀಕ್ವೆನ್ಸ್ ಎಂಬುದಿದೆ. ಎಷ್ಟು ಜನ ಒಟ್ಟಿಗೆ ಕೇಳಿದರೂ ಒಂದು ನಂಬರ್ ಒಬ್ಬರಿಗೇ. ಹಳೆಯ ಮಾಹಿತಿ ತುಂಬಿದ ಮೇಲೆ ಅದನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಬೇಕು. ನಾನು ಮರೆತು, ಮೊದಲ ದೂರಿಗೆ ಅದು 1 ಕೊಡಲು ಹೋಗಿ ತಪ್ಪು ತೋರಿಸಿತು. ಸರಿ ಮಾಡಿದೆ. ಎರಡು ವಾರ ಎಲ್ಲ ಚೆನ್ನಾಗಿತ್ತು.

ಆಮೇಲೆ ಮೇಡಂ ಬಂದರು. ಕೈಯಲ್ಲಿ ಎರಡು ಚೀಟಿ. ನನ್ನ ಬಾಯಿ ಒಣಗಿತು. ನೋಡಿದೆ. 2315, 2317.

"2316?"

ಹುಡುಗ ಗಿರಾಕಿಯ ಫೋನ್ ನಂಬರ್ ಖಾಲಿ ಬಿಟ್ಟು ಸೇವ್ ಒತ್ತಿದ್ದ. ಅದು ಖಾಲಿ ಇರಬಾರದು ಎಂದು ಸರ್ವರ್ ಒಪ್ಪಲಿಲ್ಲ. ಆದರೆ ಅಷ್ಟು ಹೊತ್ತಿಗೆ ಸೀಕ್ವೆನ್ಸ್ 2316 ಕೊಟ್ಟಾಗಿತ್ತು. ಕೊಟ್ಟದ್ದನ್ನು ಅದು ವಾಪಸ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕೆಂದರೆ ಮೊದಲು ಪಡೆದವರ ಕೆಲಸ ಮುಗಿಯುವವರೆಗೆ ಉಳಿದವರನ್ನು ನಿಲ್ಲಿಸಬೇಕಾಗುತ್ತದೆ.

ನಿಲ್ಲಿಸಿದರೆ ನಿಲ್ಲಿಸಲಿ, ನಾವು ಏಳೇ ಜನ ಎಂದು ಅದನ್ನೂ ಮಾಡಿ ನೋಡಿದೆ. ಒಂದೇ ಸಾಲಿನ ಒಂದು ಟೇಬಲ್. ಅದರಲ್ಲಿ ಕೊನೆಯ ನಂಬರ್. ದೂರು ಬರೆಯುವವರು ಆ ಸಾಲನ್ನು ಹಿಡಿದು, ಒಂದು ಏರಿಸಿ, ದೂರು ಸೇವ್ ಆದ ಮೇಲೆ ಬಿಡಬೇಕು. ಸೇವ್ ಆಗದಿದ್ದರೆ ನಂಬರೂ ಹಿಂದಕ್ಕೆ. ಅಂತರ ಬೀಳುವ ಮಾತೇ ಇಲ್ಲ. ನನ್ನ ಯಂತ್ರದಿಂದ ಪರೀಕ್ಷೆಗೆಂದು ಆ ಸಾಲನ್ನು ಹಿಡಿದೆ. ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಾ ಹೊರಗೆ ಹೋದೆ. ಕಮಿಟ್, ಅಂದರೆ ಕೆಲಸ ಮುಗಿಯಿತು ಎಂಬ ಆಜ್ಞೆ, ಕೊಟ್ಟಿರಲಿಲ್ಲ. ವಾಪಸ್ ಬರುವಾಗ ಕೌಂಟರಿನ ಮುಂದೆ ಐದು ಜನ ನಿಂತಿದ್ದರು. ಹುಡುಗನ ಪರದೆ ಸುತ್ತುತ್ತಿತ್ತು. ಫೋನಿನ ಅಕ್ಕನ ಪರದೆಯೂ ಸುತ್ತುತ್ತಿತ್ತು. ಅವತ್ತು ಸಂಜೆಯೇ ಸೀಕ್ವೆನ್ಸಿಗೆ ವಾಪಸ್ ಹೋದೆ.

ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಂತರ ಬೀಳುತ್ತದೆ, ಆದರೆ ಒಂದೇ ನಂಬರ್ ಎರಡು ಸಲ ಬರುವುದಿಲ್ಲ. ಸೇವ್ ಆಗದೆ ಹೋದ ಪ್ರತಿ ನಂಬರಿನ ಪಟ್ಟಿಯನ್ನು ದಿನದ ಕೊನೆಗೆ ರಿಪೋರ್ಟಿನಲ್ಲಿ ಕೊಡುತ್ತೇನೆ ಎಂದೆ. ಅವರು ಪೂರ್ತಿ ಕೇಳಿದರು. ಡ್ರಾಯರಿನಿಂದ ಒಂದು ಹೊಸ ನೋಟ್‌ಬುಕ್ ತೆಗೆದರು. ಮೊದಲ ಪುಟದ ಮೇಲೆ 'ಹುಟ್ಟದ ನಂಬರುಗಳು' ಎಂದು ಬರೆದು ಕೆಳಗೆ ಗೆರೆ ಎಳೆದರು. ಅದರಡಿಯಲ್ಲಿ 2316 ಬರೆದರು. ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿ, "ಇಲ್ಲಿ ಸಹಿ ಹಾಕಿ" ಎಂದರು.